ಕುಕ್ಕರಿನಲ್ಲಿ ಕುದಿಸಿದ ಬಾಟಲಿಗಳು

ಕುಕ್ಕರ್ ಎಷ್ಟು ಸೀಟಿ ಹಾಕಿತೆಂದು ನೆನಪಿಲ್ಲ. ಮೊದಲ ಸಲ ಬರೆದಾಗ ಒಂದು ಸಂಖ್ಯೆ ಹಾಕಿದ್ದೆ, ಓದಲು ಚೆನ್ನಾಗಿತ್ತು, ಆಮೇಲೆ ಹೊಡೆದುಹಾಕಿದೆ. ಸಂಖ್ಯೆ ಇದ್ದರೆ ಓದುವವರು ನಂಬುತ್ತಾರೆ. ನಂಬಲಿ ಎಂದೇ ಹಾಕಿದ್ದೆ. ನೆನಪಿರುವುದು ಇಷ್ಟು: ಯಾದಗಿರಿಯಲ್ಲಿ, ಭೀಮಾ ನದಿಯ ಕಡೆ ಇಳಿಯುವ ಒಂದು ಓಣಿಯಲ್ಲಿ, ನನ್ನ ಅವ್ವನ ತಂಗಿ ಸಣ್ಣವ್ವನ ಅಡುಗೆಮನೆಯಲ್ಲಿ, ಅವಳು ಬೇಳೆ ಬೇಯಿಸುವ ಕುಕ್ಕರಿನಲ್ಲಿ, ನಾವಿಬ್ಬರು ಗಾಜಿನ ಸಣ್ಣ ಬಾಟಲಿಗಳನ್ನು ಕುದಿಸುತ್ತಿದ್ದೆವು. ಹೆಣ್ಣಿನ ಹಾರ್ಮೋನಿನ ಇಂಜೆಕ್ಷನ್ನನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂದಿದ್ದೆವು. ಸಣ್ಣವ್ವ ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಆ ಕುಕ್ಕರನ್ನು ಮುಟ್ಟುವ ಧೈರ್ಯ ನನಗಾಗುತ್ತಿರಲಿಲ್ಲ.

ಇಬ್ಬರೆಂದರೆ ನಾನು ಮತ್ತು ನನ್ನ ಗೆಳತಿ. ಅವಳು ಸುರಪುರದಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಗಂಡಾಗಿ ಹುಟ್ಟಿದವಳು ಎಂದು ಜನ ಹೇಳುತ್ತಾರೆ, ಅವಳು ಆ ಮಾತನ್ನು ಒಪ್ಪುವುದಿಲ್ಲ. ಸೀರೆ ಉಟ್ಟು, ಜಡೆ ಹಾಕಿ, ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲೇ ಕೂರುತ್ತಾಳೆ. ಏಳು ಎಂದವರಿಗೆ "ನೀವು ಬಸುರಿದ್ರ ಹೇಳ್ರಿ, ಏಳ್ತೀನಿ" ಎನ್ನುತ್ತಾಳೆ. ನಾನು ಶಹಾಪುರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವ ಅತಿಥಿ ಉಪನ್ಯಾಸಕ. ಷರ್ಟು, ಪ್ಯಾಂಟು, ಕನ್ನಡಕ. ನನ್ನ ಒಳಗಿನದೂ ಅವಳ ಒಳಗಿನದೂ ಒಂದೇ, ಆದರೆ ನನ್ನದು ಗೊತ್ತಿದ್ದದ್ದು ಅವಳೊಬ್ಬಳಿಗೆ. ಇಬ್ಬರೇ ಇದ್ದಾಗ ನನ್ನನ್ನು ಅಕ್ಕ ಎನ್ನುತ್ತಾಳೆ, ಮೂರನೆಯವರು ಬಂದ ಕೂಡಲೇ ಸರ್. ಎಷ್ಟು ಸಲೀಸಾಗಿ ಬದಲಾಯಿಸುತ್ತಾಳೆಂದರೆ, ನನಗೋಸ್ಕರ ಅವಳು ದಿನವೂ ಸುಳ್ಳಾಡುತ್ತಿದ್ದಾಳೆ ಎನ್ನುವುದೇ ನನಗೆ ಮರೆತುಹೋಗುತ್ತಿತ್ತು.

ಅವಳಿಗೆ ಕಲಬುರಗಿಯಲ್ಲಿ ಒಬ್ಬ ಡಾಕ್ಟರು ಇದ್ದರು. ಅವರು ಬರೆದುಕೊಟ್ಟ ಇಂಜೆಕ್ಷನ್ ಕೆಲವು ಕಾಲ ಸಿಕ್ಕಿತು. ಸುರಪುರದಲ್ಲಿ ಅವಳು ಔಷಧದ ಅಂಗಡಿಗೆ ಹೋದರೆ ಅಲ್ಲಿಯ ಹುಡುಗರು ನಗುತ್ತಿದ್ದರು, ಅದಕ್ಕೆ ತರುವ ಕೆಲಸ ನನ್ನದಾಯಿತು. ನಾನು ಷರ್ಟು ಹಾಕಿಕೊಂಡವನು, ನನ್ನನ್ನು ನೋಡಿ ಯಾರು ನಗುತ್ತಾರೆ. ತಂದದ್ದರಲ್ಲಿ ಒಂದು ಪಾಲು ನಾನೂ ತೆಗೆದುಕೊಳ್ಳುತ್ತಿದ್ದೆ. ನಾನು ಯಾವ ಡಾಕ್ಟರರ ಮುಂದೂ ಕೂತವಳಲ್ಲ.

ಶಹಾಪುರದ ಆ ಅಂಗಡಿಯವರು ಬಹಳ ಒಳ್ಳೆಯವರು, ಅದೇ ತೊಂದರೆ. ಒಂದು ಸಂಜೆ ಡಬ್ಬಿಯನ್ನು ಬೆಳಕಿಗೆ ಹಿಡಿದು ಓದಿ ಕೇಳಿದರು.

"ಯಾರಿಗ್ರಿ ಸರ್ ಇದು?"

"ಮನಿಯವ್ರಿಗ್ರಿ."

"ಮನಿಯವ್ರಿಗಿ ಏನಾಗ್ಯಾದ್ರಿ?"

ಹೆಂಡತಿಯೇ ಇಲ್ಲದ ನಾನು ಅವಳ ಗರ್ಭಕೋಶದ ಬಗ್ಗೆ ಏನೋ ಹೇಳಿದೆ. ಮುಟ್ಟು ನಿಂತುಹೋಗಿದೆ ಎಂದೆನೋ, ನಿಲ್ಲುತ್ತಿಲ್ಲ ಎಂದೆನೋ, ಈಗ ತಿಳಿಯದು. ಹಿಂದೆ ನನ್ನ ತರಗತಿಯ ಒಬ್ಬ ವಿದ್ಯಾರ್ಥಿ ಕೆಮ್ಮಿನ ಔಷಧಕ್ಕೆ ನಿಂತಿದ್ದ.

"ಸರ್, ಮದಿವಿ ಆತೇನ್ರಿ? ಹೇಳೇ ಇಲ್ಲಲ್ರಿ."

ಮರುದಿನ ತರಗತಿಯಲ್ಲಿ ಮೇಜಿನ ಮೇಲೆ ಪೇಢೆಯ ಡಬ್ಬಿ ಇತ್ತು. ಹುಡುಗಿಯರು ಅತ್ತಿಗೆಯ ಊರು ಕೇಳಿದರು. ಕಕ್ಕೇರಾ ಎಂದೆ. ಯಾಕೆ ಕಕ್ಕೇರಾ ಎಂದೆನೋ. ಆ ಪೇಢೆ ತಿಂದೆ, ಎರಡು ತಿಂದೆ. ಆಮೇಲೆ ಆ ಅಂಗಡಿಯ ಮುಂದೆ ಹಾಯುವಾಗ ರಸ್ತೆಯ ಆಚೆ ಬದಿಗೆ ನಡೆಯತೊಡಗಿದೆ. ಕೆಲವು ವಾರದ ನಂತರ ಔಷಧವೇ ಬರುತ್ತಿಲ್ಲ ಎಂದು ಬೇರೆ ಅಂಗಡಿಯವರೂ ಹೇಳಿದರು. ಗೆಳತಿಗೆ ನಾನು ಹೇಳಿದ್ದು ಔಷಧ ಬರುತ್ತಿಲ್ಲ ಎಂದು ಮಾತ್ರ, ಪೇಢೆಯ ಸುದ್ದಿ ಹೇಳಲಿಲ್ಲ.

ಔಷಧ ನಿಂತ ಮೇಲೆ ಅವಳು ಇಳಿದುಹೋದಳು. ನಾನು ಹೊರಗೆ ಏನನ್ನೂ ಬದಲಿಸಿಕೊಂಡಿರಲಿಲ್ಲವಾದ್ದರಿಂದ ನನಗೆ ಕಳೆದುಕೊಳ್ಳುವುದೂ ಹೊರಗೆ ಕಾಣುತ್ತಿರಲಿಲ್ಲ. ಅವಳದು ಕಾಣುತ್ತಿತ್ತು. ಗದ್ದ ಒರಟಾಯಿತು. ನಿದ್ದೆ ಹೋಯಿತು. ಮಷಿನ್ ಮುಂದೆ ಕೂತವಳು ಒಂದು ತೋಳನ್ನು ಉಲ್ಟಾ ಹೊಲಿದು, ಬಿಚ್ಚಿ, ಮತ್ತೆ ಉಲ್ಟಾ ಹೊಲಿದಳು. "ನನ್ನ ಮೈ ನನ್ನ ಕೈ ಬಿಟ್ಟು ಹೊಂಟದ ಅಕ್ಕಾ" ಎಂದಳು. ಆ ಮಾತಿಗೆ ನಾನು ಏನು ಹೇಳಿದೆನೆಂದು ಬರೆಯಲು ಕೂತರೆ ಮೂರು ಉತ್ತರ ನೆನಪಾಗುತ್ತವೆ, ಮೂರೂ ನಾನು ಆಮೇಲೆ ಕಟ್ಟಿದವು.

ಪುಡಿಯ ಸುದ್ದಿ ತಂದವಳು ಅವಳೇ. ಫೋನಿನಲ್ಲಿ ಅವಳಂಥವರ ಒಂದು ಗುಂಪಿತ್ತು. ದೂರದ ಊರಿನ ಒಬ್ಬರು ಹಾರ್ಮೋನಿನ ಪುಡಿ ಕಳಿಸುತ್ತಾರೆ, ಎಣ್ಣೆಯಲ್ಲಿ ಕರಗಿಸಿಕೊಂಡರೆ ಅಂಗಡಿಯದೇ ಇಂಜೆಕ್ಷನ್ ಆಗುತ್ತದೆ ಎಂದು ಅಲ್ಲಿ ಯಾರೋ ಹೇಳಿದ್ದರು. ಕೊರಿಯರಿನಲ್ಲಿ ಪುಡಿ ಬಂತು. ಉಗುರಿನಷ್ಟು ಬಿಳಿ ಪುಡಿ, ಅವಳ ಒಂದು ಹಬ್ಬದ ಹಂಗಾಮಿನ ಹೊಲಿಗೆಯ ದುಡ್ಡು ಅದಕ್ಕೆ ಹೋಗಿತ್ತು. ನಾವು ಒಂದಿಷ್ಟು ವಿಡಿಯೋ ನೋಡಿದೆವು. ಕ್ರಿಮಿ ಕೊಲ್ಲುವ ಬಗ್ಗೆ ನಾನು ಓದಿದೆ, ಓದುವುದು ನನ್ನ ಕಸುಬು. ಗಾಜನ್ನು ಹಬೆಯಲ್ಲಿ ಬೇಯಿಸಬೇಕು, ಎಣ್ಣೆಯೊಳಗೆ ಹಬೆ ಇಳಿಯುವುದಿಲ್ಲ, ಅದನ್ನು ಬೇರೆಯಾಗಿ ಒಣ ಶಾಖದಲ್ಲಿ ಕಾಯಿಸಬೇಕು ಎಂದೆಲ್ಲ ತಿಳಿದುಕೊಂಡೆ. ಅವಳಿಗೆ ವಿವರಿಸುವಾಗ ನನ್ನ ದನಿ ತರಗತಿಯ ದನಿಯಾಗಿತ್ತು. ಆಮೇಲೆ ಡಾಕ್ಟರು ಹೇಳಿದ್ದು ಬೇರೆ. ಅಡುಗೆಮನೆಯಲ್ಲಿ ಏನೇ ಮಾಡಿದರೂ ಅದು ಮೈಯೊಳಗೆ ಹಾಕುವಂಥದ್ದಾಗುವುದಿಲ್ಲ, ಸೂಜಿ ಚುಚ್ಚಿದಲ್ಲಿ ಕೀವು ತುಂಬಿ ತೊಡೆ ಕೊಯ್ಯಬೇಕಾದವರನ್ನು, ರಕ್ತಕ್ಕೇ ನಂಜೇರಿದವರನ್ನು ಅವರು ಕಂಡಿದ್ದಾರಂತೆ. ಆದರೆ ಅದು ಆಮೇಲೆ. ಆಗ ನನಗೆ ನಾನು ಓದಿದ್ದರ ಮೇಲೆ ಭರವಸೆ ಇತ್ತು. ಅವಳಿಗೆ ನನ್ನ ಮೇಲೆ.

ಜಾಗದ ಪ್ರಶ್ನೆ ಬಂತು. ಅವಳ ಅಂಗಡಿಯ ಹಿಂದಿನ ಕೋಣೆಗೆ ದಿನವಿಡೀ ಹೆಂಗಸರು ಅಳತೆ ಕೊಡಲು ಬರುತ್ತಾರೆ. ಶಹಾಪುರದ ನನ್ನ ಬಾಡಿಗೆ ಕೋಣೆಗೂ ಮಾಲೀಕರ ಮನೆಗೂ ನಡುವೆ ಇರುವುದು ಒಂದು ಕದ, ಅದಕ್ಕೆ ಅವರ ಕಡೆಯಿಂದ ಚಿಲಕ. ಅಷ್ಟರಲ್ಲಿ ವನದುರ್ಗದಲ್ಲಿ ಸಣ್ಣವ್ವನ ಗಂಡನ ಕಡೆಯ ಒಬ್ಬ ಮುದುಕರು ತೀರಿಕೊಂಡರು. ಸಣ್ಣವ್ವ, ಕಾಕಾ ಇಬ್ಬರೂ ಹೋದರು. ಬೀಗದ ಕೈ ಎದುರುಮನೆಯಲ್ಲಿತ್ತು. ನಾನು ಕೇಳಿದರೆ ಕೊಡುತ್ತಾರೆ, ಅಕ್ಕನ ಮಗನಲ್ಲವೇ. ಒಂದು ಸಾವನ್ನು ನಾನು ಅನುಕೂಲ ಎಂದುಕೊಂಡೆ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಆಗ ನಿಲ್ಲಲಿಲ್ಲ.

ಸಣ್ಣವ್ವನ ಮನೆಗೆ ಇನ್ನೊಂದು ಕಾರಣವೂ ಇತ್ತು, ಅದು ಗೆಳತಿಯ ಕಾರಣ. ಎಣ್ಣೆ.

ಆ ಓಣಿಯಲ್ಲಿ ಹೆಚ್ಚಿನವರು ಹೊಳೆಯವರು. ಹಿಂದೆ ಎಲ್ಲರೂ ಬಲೆ ಬೀಸುತ್ತಿದ್ದರು, ಈಗ ಕೆಲವರು. ಅಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಬಟ್ಟಲು ಹಿಡಿದು ಬರುವುದು ಸಣ್ಣವ್ವನ ಬಾಗಿಲಿಗೆ. ಔಡಲ, ಅಂದರೆ ಹರಳಿನ ಬೀಜ ಹುರಿದು, ಒನಕೆಯಲ್ಲಿ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಅವಳು ಕೈಯಿಂದಲೇ ತೆಗೆಯುತ್ತಿದ್ದಳು. ಮಾಡುವ ದಿನ ಮಡಿ. ಮಿಂದು ಒದ್ದೆ ಸೀರೆಯಲ್ಲೇ ಒಲೆಯ ಮುಂದೆ ಕೂತರೆ ಎಣ್ಣೆ ಏಳುವತನಕ ಯಾರ ಜೊತೆಯೂ ಮಾತಿಲ್ಲ. ಮುಟ್ಟಾದ ಹೆಂಗಸರು ಒಳಗೆ ಬರುವಂತಿಲ್ಲ, ಗಂಡಸರಂತೂ ಇಲ್ಲವೇ ಇಲ್ಲ. ಚಿಕ್ಕ ಹುಡುಗನಾದ ನಾನು ಒಳಗೆ ಕೂತಿರುತ್ತಿದ್ದೆ. ಕೂತಿದ್ದೆನೇ? ಒಲೆಯ ಬೆಳಕು ಸಣ್ಣವ್ವನ ಮುಖದ ಮೇಲೆ ಬಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆದರೆ ನಾನು ಯಾವಾಗಲೂ ಹೊಸ್ತಿಲ ಆಚೆಯೇ ಇದ್ದೆ, ಅಳುತ್ತಿದ್ದೆ ಎನ್ನುತ್ತಾಳೆ ಅವಳು. ಇರಬಹುದು. ಒಳಗೆ ಇದ್ದೆ ಎಂದು ನಂಬುವುದು ನನಗೆ ಬೇಕಾಗಿತ್ತು.

"ಅಂಗಡ್ಯಾಗಿನ ಎಣ್ಣಿ ತರೂಣು, ಸೀಲ್ ಇದ್ದದ್ದು" ಎಂದೆ ನಾನು.

"ಅಂಗಡ್ಯಾಗಿಂದು ಯಾರ್ ಮಾಡ್ಯಾರೋ, ಯಾವ್ ಕೈಲೆ ಮಾಡ್ಯಾರೋ. ನಿಮ್ಮ ಸಣ್ಣವ್ವಾರ ಎಣ್ಣಿ ಕೂಸಿನ ಕಣ್ಣಿಗಿ ಹಾಕ್ತಾರಂತ ನೀನs ಹೇಳಿದಿ. ಕಣ್ಣಿಗಿ ನಡೀತದ, ತೊಡಿಗಿ ನಡೆಯಂಗಿಲ್ಲೇನು?"

ಮಡಿ ಬೇರೆ, ಕ್ರಿಮಿ ಇಲ್ಲದಿರುವುದು ಬೇರೆ ಎಂದು ನಾನು ಹೇಳಬೇಕಿತ್ತು, ಅಷ್ಟು ನನಗೆ ಗೊತ್ತಿತ್ತು. ಆದರೆ ನನ್ನೊಳಗೂ ಒಂದು ಮೂಲೆ ಅವಳ ಮಾತನ್ನೇ ನಂಬಿತ್ತು. ಸಣ್ಣವ್ವನ ಕೈಯ ಎಣ್ಣೆ ನನ್ನ ಮೈಯೊಳಗೆ ಹೋಗಿ ನನ್ನನ್ನು ಹೆಣ್ಣು ಮಾಡುತ್ತದೆ ಎಂದರೆ, ಅದು ಅವಳು ಒಪ್ಪಿದ ಹಾಗೆ. ಅವಳಿಗೆ ತಿಳಿಸದೆಯೇ ಅವಳ ಒಪ್ಪಿಗೆಯನ್ನು ಒಂದು ಗಡಿಗೆಯಿಂದ ಸೌಟಿನಲ್ಲಿ ತೆಗೆದುಕೊಳ್ಳುವುದು. ಈ ಯೋಚನೆಯನ್ನು ನಾನು ಗೆಳತಿಗೂ ಹೇಳಲಿಲ್ಲ.

ಬೆಳಿಗ್ಗೆ ಶುರು ಮಾಡಿದೆವು. ಅವಳು ಕಟ್ಟೆಯನ್ನು ಸ್ಪಿರಿಟ್ ಹಾಕಿ ಒರೆಸಿದಳು, ಬಾಯಿಗೆ ಬಟ್ಟೆ ಕಟ್ಟಿಕೊಂಡಳು, ನನಗೂ ಕಟ್ಟಿದಳು. ಬಾಟಲಿ, ರಬ್ಬರ್ ಬೂಚು, ಇಕ್ಕಳ ಎಲ್ಲ ಕುಕ್ಕರಿನೊಳಗೆ. ಸೀಟಿ ಬಂದಾಗಲೆಲ್ಲ ಎದುರುಮನೆಯವರು ಏನಂದುಕೊಳ್ಳುತ್ತಾರೋ ಎಂದು ನಾನು ಕಿಟಕಿ ನೋಡುತ್ತಿದ್ದೆ. ಯಾರೂ ಇಲ್ಲದ ಮನೆಯಲ್ಲಿ ಇಷ್ಟು ಬೇಳೆ ಯಾರಿಗೆ. ಗೆಳತಿ ನಕ್ಕಳು. "ಕೇಳಿದ್ರ ಹೇಳು, ಮನಿಯವ್ರಿಗಿ ಅಂತ." ಪೇಢೆಯ ಕಥೆ ಅವಳಿಗೆ ಗೊತ್ತಾಗಿತ್ತು, ಶಹಾಪುರದಿಂದ ಬರುವ ಗಿರಾಕಿಗಳು ಹೇಳಿದ್ದರು. ಎಷ್ಟು ದಿನದಿಂದ ಗೊತ್ತಿತ್ತೋ. ಒಂದು ಮಾತೂ ಕೇಳಿರಲಿಲ್ಲ.

ಎಣ್ಣೆಯನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿದೆವು. ಆ ವಾಸನೆಗೆ ನನಗೆ ಕಣ್ಣು ತುಂಬಿತು ಎಂದು ಬರೆಯಬಹುದು, ಹೊಗೆಗೂ ತುಂಬಿರಬಹುದು. ಪುಡಿ ಕರಗಿತು. ಬಾಟಲಿಗಳಿಗೆ ತುಂಬಿದೆವು. ಆರಿದ ಮೇಲೆ ಬೂಚು ಹಾಕೋಣ ಎಂದು, ತೆರೆದ ಬಾಯಿಯ ಮೇಲೆ ಬೇಯಿಸಿ ಒಣಗಿಸಿದ ಬಿಳಿ ಬಟ್ಟೆ ಹೊದಿಸಿ, ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿದೆವು. ಗೆಳತಿ ಕುಕ್ಕರ್ ತಿಕ್ಕಲು ಹಿತ್ತಲಿಗೆ ಹೋದಳು. ಅದರಲ್ಲಿ ರಬ್ಬರಿನ ವಾಸನೆ ಉಳಿಯಬಾರದು, ಸಣ್ಣವ್ವನ ಮೂಗು ಬಹಳ ಚುರುಕು ಎಂದು ನಾನೇ ಹೇಳಿದ್ದೆ.

ಹಗಲಲ್ಲಿ ಹಾಕಿದರೆ ಓಣಿಗೆ ಸಂಶಯವೆಂದು ತೆರೆದೇ ಬಿಟ್ಟಿದ್ದ ಮುಂಬಾಗಿಲಲ್ಲಿ ಆಗ ಸಣ್ಣವ್ವ ನಿಂತಿದ್ದಳು. ಮೂರನೆಯ ದಿನದ ಕಾರ್ಯ ಮುಗಿದಿತ್ತು, ಯಾರದೋ ಟಂಟಂ ಆಟೋ ಯಾದಗಿರಿಗೆ ಬರುತ್ತಿತ್ತು, ಕಾಕಾನನ್ನು ಅಲ್ಲೇ ಬಿಟ್ಟು ಇವಳು ಹತ್ತಿ ಬಂದಿದ್ದಳು. ಹೊಳೆಯಲ್ಲಿ ಮಿಂದು ಬಂದ ಸೀರೆಯಿಂದ ಇನ್ನೂ ನೀರಿಳಿಯುತ್ತಿತ್ತು. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಬೇವಿನ ತೊಪ್ಪಲು.

"ಯಾವಾಗ ಬಂದಿ ತಮ್ಮಾ? ಸೂತಕದ ಮನ್ಯಾಗ ಹಂಗs ಹೊಕ್ಕು ಕುಂತೀಯಲ್ಲ. ಓದಿದವರಿಗಿ ಏನೂ ಹತ್ತಂಗಿಲ್ಲ ಬಿಡು."

"ಸಣ್ಣವ್ವಾ, ಕಾಲೇಜಿನ ಕೆಲಸ ಇತ್ತು, ಅದಕ್ಕ..."

"ಇರ್ಲಿ, ಸರಿ ಅತ್ಲಾಗ."

ಬೇವಿನ ತೊಪ್ಪಲನ್ನು ಚೊಂಬಿನಲ್ಲಿ ಅದ್ದಿ ಮೂಲೆಮೂಲೆಗೆ ಚಿಮುಕಿಸುತ್ತಾ ಬಂದಳು. ಗೋಮೂತ್ರ. ನಮ್ಮ ಕಡೆ ಸೂತಕ ಕಳೆಯುವತನಕ ಮನೆಯನ್ನು ಹಾಗೇ ಶುದ್ಧ ಮಾಡುವುದು. ಜಗುಲಿ, ದೇವರ ಗೂಡು, ನೀರಿನ ಕೊಡ, ಒಲೆ. ಕಟ್ಟೆಯ ಹತ್ತಿರ ಬಂದು ಬುಟ್ಟಿ ಎತ್ತಿದಳು.

"ಇದೇನ್ ಮುಚ್ಚಿಟ್ಟೀದಿ? ಮುಚ್ಚಿಟ್ರ ಸೂತಕಕ್ಕ ಕಾಣಂಗಿಲ್ಲಂತ ಮಾಡೀಯೇನು?"

ಬಟ್ಟೆ ಸರಿಸಿದಳು. ನಾನು ಬೇಡ ಎಂದೆ. ಎಂದೆ ಎಂದೇ ನನ್ನ ನೆನಪು. ಬಾಯಿಗೆ ಕಟ್ಟಿದ್ದ ಬಟ್ಟೆಯೊಳಗಿಂದ ಅದು ಅವಳಿಗೆ ಕೇಳಿಸಿರಲಿಕ್ಕಿಲ್ಲ. ಕೇಳಿದ್ದರೂ ಯಾಕೆ ಎಂದು ಅವಳು ಕೇಳಬಹುದು ಎಂಬ ಅಂಜಿಕೆಗೆ ನಾನೇ ದನಿ ಇಳಿಸಿರಬಹುದು. ಸಣ್ಣವ್ವ ಬೇರೆ ಕಡೆ ಒಮ್ಮೆ ಚಿಮುಕಿಸಿದವಳು, ಅಕ್ಕನ ಮಗನ ಕಾಲೇಜಿನ ಸಾಮಾನೆಂದು ಇಲ್ಲಿ ಧಾರಾಳವಾಗಿ ಎರಡು ಸಲ ಚಿಮುಕಿಸಿದಳು. ಎಣ್ಣೆಯ ಮೇಲೆ ಹಳದಿ ಹನಿಗಳು ಬಿದ್ದು, ಕರಗದೆ, ಮೆಲ್ಲಗೆ ಕೆಳಗಿಳಿದವು.

ಗೆಳತಿ ತಿಕ್ಕಿದ ಕುಕ್ಕರ್ ಹಿಡಿದು ಹಿತ್ತಲ ಬಾಗಿಲಿನಿಂದ ಬಂದಳು. ಸಣ್ಣವ್ವನನ್ನು ಕಂಡು ಸೆರಗು ಸರಿಮಾಡಿಕೊಂಡು "ಶರಣ್ರಿ ಸಣ್ಣವ್ವಾರ" ಎಂದಳು. ಆಮೇಲೆ ಎತ್ತಿಟ್ಟ ಬುಟ್ಟಿ ನೋಡಿದಳು, ಬೇವಿನ ತೊಪ್ಪಲು ನೋಡಿದಳು, ನನ್ನ ಕಡೆ ತಿರುಗಿದಳು.

"ಏನಾತ್ರಿ ಸರ್?"

"ಕೆಟ್ಟು ಹೋತು."

"ಏನ್ ಕೆಟ್ತು?"

"ಗೋಮೂತ್ರ ಬಿತ್ತು. ಎಲ್ಲಾದ್ರಾಗೂ."

ಅವಳು ಕುಕ್ಕರನ್ನು ನೆಲದ ಮೇಲಿಟ್ಟು ಅದರ ಪಕ್ಕದಲ್ಲೇ ಕೂತಳು. ಸಣ್ಣವ್ವನಿಗೆ ಅರ್ಥವಾಗಲಿಲ್ಲ. "ಕೆಡೂದೇನದ ಅದ್ರಾಗ? ಶುದ್ಧ ಆತು." ಗೆಳತಿ ಎದ್ದಳು.

"ಮತ್ತ ಕಾಸೂಣ್ರಿ ಸರ್. ಕಾಸಿದ್ರ ಎಲ್ಲಾ ಸಾಯ್ತಾವಂತ ನೀವs ಹೇಳೀರಿ."

"ಆಗಂಗಿಲ್ಲ."

"ಯಾಕಾಗಂಗಿಲ್ಲ? ಆಕಳ ಉಚ್ಚಿ, ಹಾವಿನ ವಿಷ ಅಲ್ಲ. ಜನಾ ಕುಡೀತಾರ."

"ಕುಡಿಯೂದು ಬ್ಯಾರೆ."

"ನಿಮಗ ಬ್ಯಾರೆ. ನನಗ ಇದು ಬಿಟ್ರ ಇಲ್ಲ. ಇನ್ನೊಂದ್ ಸಲ ಪುಡಿ ತರ್ಸಾಕ ನಂತ್ಯಾಕ ಏನೂ ಉಳದಿಲ್ಲ."

ಅವಳು ಚೀಲದಿಂದ ಸಿರಿಂಜುಗಳನ್ನು ಹೊರಗೆ ತೆಗೆದಳು. ಕಾಯಿಸುವುದಕ್ಕೂ ಅವಳಿಗೆ ತಾಳ್ಮೆ ಇರಲಿಲ್ಲ ಅನಿಸುತ್ತದೆ. ಮೇಲಿನ ಎಣ್ಣೆಯನ್ನಷ್ಟೇ ಎಳೆದುಕೊಂಡರೆ ಹನಿ ತಳದಲ್ಲೇ ಉಳಿಯುತ್ತದೆ ಎಂದು ಏನೋ ಹೇಳುತ್ತಿದ್ದಳು. ಅವಳನ್ನು ಆ ಕ್ಷಣ ತಡೆಯದಿದ್ದರೆ ಅವಳು ಚುಚ್ಚಿಕೊಳ್ಳುತ್ತಿದ್ದಳು, ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ.

"ಸೂಜಿ ಎದಕ್ಕ?" ಸಣ್ಣವ್ವ ಕೇಳಿದಳು. ನನ್ನನ್ನೇ ಕೇಳಿದಳು.

ನಾನು ಹೇಳಿದೆ. "ಅಕಿಗಿ ಔಷಧ ಸಣ್ಣವ್ವ. ಅಕಿಗಿ... ಮೈಯಾಗ ಹೆಣ್ಣಿನ ಶಕ್ತಿ ಕಮ್ಮಿ ಅದ. ಅದಕ್ಕ ಸೂಜಿಲೆ ತಗೋಬೇಕು. ಈಗ ಕೆಟ್ಟದ, ತಗೊಂಡ್ರ ಜೀವಕ್ಕ ಅಪಾಯ ಅದ, ಬ್ಯಾಡಂತ ನೀ ಹೇಳು." ಅಕಿಗಿ ಎಂಬ ಮಾತು ಎರಡು ಸಲ ಬಂದದ್ದು ನನಗೆ ಆಗಲೇ ಕೇಳಿಸಿತು. ಗೆಳತಿಗೂ ಕೇಳಿಸಿತು. ಅವಳು ಸಿರಿಂಜಿನ ಕಾಗದ ಹರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡಾಗ ಅವಳು ನೋಡುವ ನೋಟ.

"ಔಷಧದಾಗ ಗೋಮೂತ್ರ ಬಿದ್ರ ಛಲೋನೇ ಆತು" ಎಂದಳು ಸಣ್ಣವ್ವ.

"ಕೇಳ್ರಿ ಸರ್. ನಿಮ್ಮ ಸಣ್ಣವ್ವಾರs ಹೇಳಾಕತ್ಯಾರ." ಗೆಳತಿ ಕಾಗದ ಹರಿದಳು. "ಸಣ್ಣವ್ವಾರ, ನಿಮ್ಮ ಎಣ್ಣ್ಯಾಗs ಮಾಡೀವ್ರಿ ಇದನ್ನ. ಕೂಸಿನ ಕಣ್ಣಿಗಿ ಹಾಕೋ ಎಣ್ಣಿ, ನನಗೇನ್ ಮಾಡ್ತದ?"

ಸಣ್ಣವ್ವನ ಕೈಯಲ್ಲಿದ್ದ ತೊಪ್ಪಲು ನಿಂತಿತು.

"ಯಾ ಎಣ್ಣಿ?"

"ಆ ಗಡಗ್ಯಾಗಿಂದು."

"ಅದನ್ನ ಸೂಜಿಲೆ ಮೈಯಾಗ ಹಾಕ್ಕೋತೀಯಾ?"

"ಹೌದ್ರಿ."

ಸಣ್ಣವ್ವ ಹೋಗಿ ಮುಂಬಾಗಿಲು ಹಾಕಿ ಬಂದಳು. ಹಗಲಲ್ಲಿ ಆ ಬಾಗಿಲು ಹಾಕಿದ್ದನ್ನು ನಾನು ಹಿಂದೆ ಕಂಡಿಲ್ಲ. ಬಂದವಳು ಗೆಳತಿಯ ಎದುರಿಗೆ ನಿಂತು, ಸಿರಿಂಜ್ ಹಿಡಿದ ಅವಳ ಮಣಿಕಟ್ಟನ್ನು ಹಿಡಿದಳು.

"ಅದು ನನ್ನ ಎಣ್ಣಿ ಅಲ್ಲ ಯವ್ವಾ."

ಅವಳೇ ಮುಂದುವರಿಸಿದಳು, ಗಂಟಲು ಏರಿಸದೆ, ಬೇರೆ ಯಾರದೋ ಮನೆಯ ವಿಷಯ ಹೇಳುವಂತೆ. ಭುಜ ಮೇಲೇಳದೆ ಬಹಳ ಕಾಲವಾಗಿದೆ. ಒನಕೆ ಎತ್ತಲಾಗುವುದಿಲ್ಲ. ಔಡಲ ಬೀಜವನ್ನೂ ಈಗ ಯಾರೂ ತಂದುಕೊಡುವುದಿಲ್ಲ. ಬಜಾರಿನಲ್ಲಿ ದೊಡ್ಡ ಡಬ್ಬಿಯಿಂದ ಬಿಡಿಯಾಗಿ ಅಳೆದು ಕೊಡುತ್ತಾರೆ, ದೀಪಕ್ಕೆ ಹಚ್ಚುವ ಎಣ್ಣೆ, ಅದರಲ್ಲಿ ಏನೇನು ಕೂಡಿದೆಯೋ ದೇವರಿಗೇ ಗೊತ್ತು. ಅದನ್ನು ತಂದು, ಅಜವಾನ ಹಾಕಿ ಕಾಯಿಸಿ, ಹಳೆಯ ಗಡಿಗೆಗೆ ತುಂಬುತ್ತಾಳೆ.

"ಕೂಸುಗೋಳಿಗಿ?" ಗೆಳತಿ ಕೇಳಿದಳು.

"ನೆತ್ತಿಗಷ್ಟs ಹಚ್ರಿ, ಕಣ್ಣಿಗಿ ಬ್ಯಾಡ ಅಂತೀನಿ. ಈಗಿನ ಡಾಕ್ಟರು ಬ್ಯಾಡಂತಾರ ಅಂತ ಹೇಳ್ತೀನಿ." ಅವಳು ಮಣಿಕಟ್ಟು ಬಿಟ್ಟಿರಲಿಲ್ಲ. "ಎಣ್ಣಿ ಇಲ್ಲ ಅಂದ್ರ ಯಾರ್ ಬರ್ತಾರ ನನ್ನ ಬಾಗಿಲಿಗಿ? ಇಜ್ಜತ್ತಿನ ಮಾತು. ನಿನ್ನ ಮುಂದ ಹೇಳಾಕತ್ತೀನಿ, ನೀ ಸಾಯಬಾರ್ದಂತ."

ನಾನು ಇದನ್ನು ಬರೆಯುವ ಮೊದಲು ಸಣ್ಣವ್ವನನ್ನು ಕೇಳಿದೆ. ಬರಿ, ಆದರೆ ಕುಸುಬಿ ಎಣ್ಣೆ ಎಂದು ಬರಿ ಎಂದಳು. ಕುಸುಬಿ ಎಣ್ಣೆ ಕೂಸಿಗೆ ಯಾರೂ ಹಚ್ಚುವುದಿಲ್ಲ, ಯಾರೂ ನಂಬುವುದಿಲ್ಲ ಎಂದೆ. ಅದಕ್ಕೇ ಹೇಳಿದ್ದು, ನಂಬಬಾರದು ಎಂದಳು. ಕೊನೆಗೆ ಇದ್ದ ಹಾಗೇ ಬರೆಯಲು ಬಿಟ್ಟಳು. ನನ್ನಷ್ಟು ಹಟ ಅವಳು ಮಾಡಲಿಲ್ಲ.

ಗೆಳತಿ ಸಿರಿಂಜನ್ನು ಕಟ್ಟೆಯ ಮೇಲಿಟ್ಟಳು. ಬಾಟಲಿಗಳನ್ನು ಒಂದೊಂದಾಗಿ ಹಿತ್ತಲಿಗೆ ಒಯ್ದು ಬೂದಿಗುಂಡಿಗೆ ಸುರಿದಳು. ಔಡಲೆಣ್ಣೆ ಗಟ್ಟಿ, ಬೇಗ ಇಳಿಯುವುದಿಲ್ಲ. ಬಾಟಲಿಯನ್ನು ಬಗ್ಗಿಸಿ ಹಿಡಿದು ಕಾಯುತ್ತಾ ನಿಂತಿದ್ದ ಅವಳ ಬೆನ್ನು ಅಡುಗೆಮನೆಯಿಂದ ಕಾಣುತ್ತಿತ್ತು. ಹೋಗಿ ಪಕ್ಕದಲ್ಲಿ ನಿಲ್ಲಬೇಕಿತ್ತು. ಸಣ್ಣವ್ವ ನನ್ನನ್ನು ನಿಲ್ಲಿಸಿದಳು.

"ಸೂಜಿ ಎರಡು ಯಾಕ ಅದಾವ?"

ಹೆಚ್ಚಿಗೆ ಇರಲಿ ಎಂದು ತಂದದ್ದು ಎನ್ನಬಹುದಿತ್ತು. ಉತ್ತರ ಬಾಯಲ್ಲಿ ಸಿದ್ಧವಾಗಿಯೂ ಇತ್ತು. ಈಗಷ್ಟೇ ಓಣಿಯಲ್ಲಿ ತನಗಿದ್ದ ಮಾನವನ್ನು ಒಬ್ಬ ಅಪರಿಚಿತಳ ಮುಂದೆ ಇಟ್ಟವಳ ಮುಖ ನೋಡಿ ಅದನ್ನು ಹೇಳಲಾಗಲಿಲ್ಲ. ಧೈರ್ಯ ಅಲ್ಲ ಅದು. ಸುಳ್ಳು ಹೇಳಲು ಬೇಕಾದಷ್ಟು ಉಸಿರಿರಲಿಲ್ಲ.

"ಒಂದು ನಂದು."

ಅವಳು ನನ್ನ ಷರ್ಟನ್ನು ನೋಡಿದಳು. ಗುಂಡಿಗಳನ್ನು ಒಂದರ ಕೆಳಗೊಂದು ನೋಡುತ್ತಾ ಹೋದಳು. ನಾನು ಕೈ ಅಡ್ಡ ಹಿಡಿದುಕೊಂಡೆ. ಮೈಮೇಲೆ ಬಟ್ಟೆ ಇದ್ದೂ ಬತ್ತಲೆ ನಿಂತಂತೆ, ಎಂದು ಎಲ್ಲರೂ ಬರೆಯುತ್ತಾರೆ, ಹಾಗಿರಲಿಲ್ಲ. ಬಟ್ಟೆಯೇ ನಾಚಿಕೆಗೇಡಾಗಿ ಕಂಡಿತು. ಇಷ್ಟು ವರ್ಷ ಇಸ್ತ್ರಿ ಮಾಡಿ ಹಾಕಿದ್ದು.

"ಎಂದಿನಿಂದ?"

"ಮೊದಲಿನಿಂದ್ಲೂ."

"ನಿಮ್ಮವ್ವಗ ಗೊತ್ತದೇನು?"

"ಇಲ್ಲ."

ಅವಳು ಚೊಂಬನ್ನು ಗೂಡಿನಲ್ಲಿಟ್ಟು ಮಣೆಯ ಮೇಲೆ ಕೂತಳು. ಅತ್ತಳೆಂದು ಬರೆದರೆ ಕಥೆ ಸರಿಹೋಗುತ್ತದೆ, ಅವಳು ಅಳಲಿಲ್ಲ. ಸೀರೆಯ ಒದ್ದೆ ಅಂಚು ಹಿಂಡಿದಳು. ಆಮೇಲೆ ವ್ಯಾಪಾರಕ್ಕೆ ಕೂತವರ ದನಿಯಲ್ಲಿ ಹೇಳಿದಳು.

"ನನ್ನ ಎಣ್ಣಿ ಸುದ್ದಿ ಓಣ್ಯಾಗ ಬಿಡಬ್ಯಾಡ. ನಿನ್ನ ಸುದ್ದಿ ನಾ ನಿಮ್ಮವ್ವನ ಮುಂದ ಆಡಂಗಿಲ್ಲ."

"ಹೂಂ" ಎಂದೆ. ಅವಳ ಮಾತು ಮುಗಿಯುವ ಮೊದಲೇ ಎಂದೆ. ನನ್ನ ಇಡೀ ಬದುಕು ಒಂದು ಗಡಿಗೆ ಕಲಬೆರಕೆ ಎಣ್ಣೆಯ ಎದುರು ತಕ್ಕಡಿಯಲ್ಲಿ ಕೂತು ಸಮ ತೂಗಿತು, ನನಗೆ ಅದರಿಂದ ಸಮಾಧಾನವಾಯಿತು. ಆ ದಿನದ ಬೇರೆಲ್ಲ ನಾಚಿಕೆಯನ್ನು ನಾನು ಯಾರಿಗಾದರೂ ಹೇಳಬಲ್ಲೆ. ಈ ಸಮಾಧಾನವನ್ನು ಬರೆಯಲು ಮಾತ್ರ ಬಹಳ ಕಾಲ ಹಿಡಿಯಿತು.

ಗೆಳತಿ ಖಾಲಿ ಬಾಟಲಿಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

"ಛಲೋ ಸೌದಾ ಆತು ಬಿಡ್ರಿ."

"ನಿಂದೂ ಯಾರ ಮುಂದ ಹೇಳಂಗಿಲ್ಲ ಯವ್ವಾ" ಎಂದಳು ಸಣ್ಣವ್ವ.

"ನಂದು ಹೇಳ್ರಿ. ಬಸ್ ಸ್ಟ್ಯಾಂಡಿನಾಗ ಮೈಕ್ ಹಚ್ಚಿ ಹೇಳ್ರಿ. ನಂದೇನ್ ಮುಚ್ಚಿಟ್ಟದ್ದದ?"

ಅಷ್ಟರಲ್ಲಿ ಹೊರಗಿನಿಂದ ಎದುರುಮನೆಯ ಹೆಂಗಸು ಕೂಗಿದಳು. ಮಗಳಿಗೆ ಹೆರಿಗೆಯಾಗಿದೆ, ಒಂದು ಬಟ್ಟಲು ಎಣ್ಣೆ ಬೇಕು. ಸಣ್ಣವ್ವ ಗೆಳತಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಬಾಗಿಲನ್ನು ಅರ್ಧ ತೆರೆದು ಹೇಳಿದಳು. "ಸೂತಕ ಅದವ್ವಾ. ಮುಗಿಯೂತನಕ ನಮ್ಮನಿ ಎಣ್ಣಿ ಕೂಸಿಗಿ ಹಚ್ಚಬಾರ್ದು." ಬಾಗಿಲು ಮತ್ತೆ ಹಾಕಿದಳು.

"ಸೂತಕ ಮುಗದ ಮ್ಯಾಲ ಏನ್ ಹೇಳ್ತೀರಿ?" ಗೆಳತಿ ಕೇಳಿದಳು. ಕೊಂಕಿಲ್ಲದೆ ಕೇಳಿದಳು.

"ಗೊತ್ತಿಲ್ಲ. ನೀ ಏನ್ ಮಾಡ್ತಿ?"

"ನಾಳಿ ಕಲಬುರ್ಗಿಗಿ ಹೋಗ್ತೀನ್ರಿ. ಡಾಕ್ಟರ್ ಬೈದ್ರೂ ಬೈಲಿ. ಗುಳಿಗಿನರ ಕೊಡ್ತಾರ." ಆಮೇಲೆ ನನ್ನ ಕಡೆ ನೋಡದೆ, "ಇವರು ಬರ್ತಾರೋ ಇಲ್ಲೋ ಇವರನ್ನs ಕೇಳ್ರಿ."

ಹೋದೆ. ಅವಳ ಜೊತೆಗೆಂದು ಹೋದೆ, ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ, ನಾನು ಹಿಂದೆ. ಇಡೀ ದಾರಿ ಒಂದೇ ಮಾತು: ಕಡ್ಲಿ ಬೇಕೇನು ಎಂದಳು, ಬೇಡ ಎಂದೆ. ದವಾಖಾನೆಯ ಬೆಂಚಿನಲ್ಲಿ ಬಸುರಿಯರು, ಕೂಸುಗಳು, ಒಬ್ಬ ಮುದುಕ. ಚೀಟಿ ಬರೆಯುವ ನರ್ಸಮ್ಮ ಬಂದು ನಮ್ಮಿಬ್ಬರ ಮುಂದೆ ನಿಂತಳು.

"ಇಬ್ಬರಾಗ ಪೇಷಂಟ್ ಯಾರ್ರಿ?"

"ಅಕಿ" ಎಂದೆ.

ನರ್ಸಮ್ಮ ಬರೆದುಕೊಂಡಳು, ಚೀಟಿ ಹರಿದು ಗೆಳತಿಯ ಕೈಗೆ ಕೊಟ್ಟು ಮುಂದಿನವರ ಕಡೆ ತಿರುಗಿದಳು. ಇಲ್ಲಿಂದ ಮುಂದೆ ನನ್ನದೂ ಗೆಳತಿಯದೂ ಕಥೆ ಬೇರೆಬೇರೆ. ನಾನು ಎದ್ದು ನಿಂತು ನಾನೂ ಎಂದು ಕೂಗಿದೆ, ಬೆಂಚಿನವರೆಲ್ಲ ತಿರುಗಿ ನೋಡಿದರು ಎನ್ನುತ್ತಾಳೆ ಅವಳು. ನನಗೆ ಎದ್ದದ್ದು ನೆನಪಿಲ್ಲ. ನನ್ನ ನೆನಪಿನಲ್ಲಿ ಒಂದು ಕೂಸು ಅಳುತ್ತಿದೆ, ಫ್ಯಾನು ತಿರುಗುತ್ತಿದೆ, ಗೆಳತಿ ನರ್ಸಮ್ಮನ ಸೆರಗು ಹಿಡಿದು ಏನೋ ಹೇಳುತ್ತಿದ್ದಾಳೆ. ಎರಡರಲ್ಲಿ ಯಾವುದು ನಡೆಯಿತೆಂದು ತೀರ್ಮಾನಿಸಲು ನನ್ನಿಂದ ಆಗುವುದಿಲ್ಲ. ಡಾಕ್ಟರರ ಕೋಣೆಯೊಳಗೆ ಹೋಗುವಾಗ ನನ್ನ ಕೈಯಲ್ಲೂ ಒಂದು ಚೀಟಿ ಇತ್ತು. ಯಾರೋ ಹೇಳಿರಬೇಕು.